ಜಮೀಲಾಳನ್ನು ಓದುವುದು ಹೇಗೆ?

‘ಕಷ್ಟದ ಕಾದಂಬರಿ’ ಎಂಬ ಮಾತನ್ನು ನಾವು ಸಾಮಾನ್ಯವಾಗಿ ಎರಡು ಅರ್ಥಗಳಲ್ಲಿ ಬಳಸುತ್ತೇವೆ. ಪುಟಗಳು ಬಹಳವಿದ್ದು ಪಾತ್ರಗಳ ಹೆಸರು ನೆನಪಿನಲ್ಲಿ ನಿಲ್ಲದಿದ್ದರೆ ಅದು ಒಂದು ಬಗೆಯ ಕಷ್ಟ. ಕಥೆಗಿಂತ ಚಿಂತನೆಯೇ ಮುಂದಾಗಿ ಒಂದೊಂದು ವಾಕ್ಯವನ್ನೂ ಎರಡೆರಡು ಸಲ ಓದಬೇಕಾಗಿ ಬಂದರೆ ಅದು ಇನ್ನೊಂದು ಬಗೆಯದು. ಇವೆರಡಕ್ಕೂ ಸೇರದ ಮೂರನೆಯ ಬಗೆಯೊಂದಿದೆ. ಅಲ್ಲಿ ಭಾಷೆ ತಿಳಿಯಾಗಿರುತ್ತದೆ, ಪಾತ್ರಗಳು ಬೆರಳೆಣಿಕೆಯಷ್ಟಿರುತ್ತವೆ, ಮಧ್ಯಾಹ್ನ ಕೈಗೆತ್ತಿಕೊಂಡರೆ ದೀಪ ಹಚ್ಚುವ ಹೊತ್ತಿಗೆ ಓದಿ ಮುಗಿಸಬಹುದು. ಆದರೆ ಪುಸ್ತಕ ಹೇಳುತ್ತಿರುವುದನ್ನು ತನ್ನದೆಂದು ಒಪ್ಪಿಕೊಳ್ಳಲು ಓದುಗನ ಮನಸ್ಸು ವರ್ಷಗಟ್ಟಲೆ ಹಿಂದೇಟು ಹಾಕುತ್ತದೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ನನ್ನ ಮಟ್ಟಿಗೆ ಈ ಮೂರನೆಯ ಬಗೆಯ ಕಾದಂಬರಿ.

1980ರ ದಶಕದ ಮೊದಲ ವರ್ಷಗಳಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಹರಿದು ಬಂದು, ಅನಂತರ ಪುಸ್ತಕ ರೂಪ ತಾಳಿದ ಈ ಕೃತಿಯನ್ನು ವನಮಾಲಾ ವಿಶ್ವನಾಥ ಅವರು ಇಂಗ್ಲಿಷಿಗೂ ತಂದಿದ್ದಾರೆ. ಅದರ ಕಥೆ ಕನ್ನಡದ ಬಹುಪಾಲು ಓದುಗರಿಗೆ ಗೊತ್ತು, ಅಥವಾ ಗೊತ್ತಿದೆಯೆಂದು ನಾವು ನಂಬಿದ್ದೇವೆ. ಕಾಸರಗೋಡು ಸೀಮೆಯ ಮುಸ್ಲಿಂ ಹುಡುಗಿ ನಾದಿರಾ. ಅವಳನ್ನು ಪ್ರೀತಿಯಿಂದ ಕಾಣುವ ಗಂಡ ರಶೀದ್. ಹಠಮಾರಿ ತಂದೆ ಮಹಮ್ಮದ್ ಖಾನ್. ಅವನೆದುರು ಬಾಯಿ ಬಿಡಲಾರದ ತಾಯಿ ಫಾತಿಮಾ. ತಂದೆಯ ಹಠದಿಂದಾಗಿ ನಾದಿರಾಳಿಗೆ ತಲಾಖ್ ಆಗುತ್ತದೆ. ಮುಂದೆ ಗಂಡಹೆಂಡಿರು ಮತ್ತೆ ಒಂದಾಗಬಯಸಿದಾಗ, ಅವಳು ಬೇರೊಬ್ಬನನ್ನು ಮದುವೆಯಾಗಿ ಅವನಿಂದ ತಲಾಖ್ ಪಡೆದ ಮೇಲಷ್ಟೇ ಮೊದಲಿನ ಗಂಡನಿಗೆ ಮರಳಬಹುದು ಎಂಬ ಷರತ್ತು ಎದುರಾಗುತ್ತದೆ. ಆ ಷರತ್ತಿನ ಮುಂದೆ ನಿಂತ ನಾದಿರಾ ಮಸೀದಿಯ ಕೊಳಕ್ಕೆ ಜೀವ ಒಪ್ಪಿಸುತ್ತಾಳೆ. ನಾಲ್ಕು ದಶಕಗಳಿಂದ ಈ ಕಾದಂಬರಿಯನ್ನು ನಾವು ಓದುತ್ತ ಬಂದಿರುವುದು ಹೀಗೆ: ತಲಾಖಿನ ಕಥೆಯಾಗಿ, ಪುರೋಹಿತಶಾಹಿಯ ವಿರುದ್ಧದ ದಿಟ್ಟ ದನಿಯಾಗಿ.

ಈ ಓದು ತಪ್ಪಲ್ಲ. ಆದರೆ ಇದರಲ್ಲಿ ಒಂದು ಹೆಸರು ಬಿಟ್ಟುಹೋಗುತ್ತದೆ. ನಾದಿರಾಳಿಗೆ ಒಬ್ಬಳು ತಂಗಿಯಿದ್ದಾಳೆ. ಅವಳ ಹೆಸರು ಜಮೀಲಾ.

ಮಾವನಿಗೂ ಅಳಿಯನಿಗೂ ನಡುವೆ ಮನಸ್ತಾಪ ಹುಟ್ಟುವುದು ಯಾವ ಕಾರಣಕ್ಕೆ ಎಂದು ಯಾರನ್ನಾದರೂ ಕೇಳಿ ನೋಡಿ. ಬಹಳ ಮಂದಿ ಮಹಮ್ಮದ್ ಖಾನನ ದುರಹಂಕಾರ ಎಂದಾರು. ಅಹಂಕಾರವೇನೋ ಹೌದು. ಆದರೆ ಅದಕ್ಕೆ ಗಾಳಿ ಹಾಕುವುದು ಜಮೀಲಾಳ ಮದುವೆಯ ಖರ್ಚು. ಕಿರಿಯ ಮಗಳನ್ನು ದಡ ಸೇರಿಸಲು ಹಿರಿಯ ಮಗಳ ಗಂಡ ನೆರವಾಗಬೇಕೆಂಬ ನಿರೀಕ್ಷೆ, ಅದು ಕೈಗೂಡದಿದ್ದಾಗ ಅದನ್ನೇ ಅವಮಾನವೆಂದು ಬಗೆಯುವ ಸಿಟ್ಟು, ಆ ಸಿಟ್ಟನ್ನು ತೀರಿಸಿಕೊಳ್ಳಲು ಕೈಗೆ ಸಿಗುವ ಏಕೈಕ ವಸ್ತುವಾಗಿ ಹಿರಿಯ ಮಗಳು. ಒಬ್ಬಳ ಸಂಸಾರ ಮುರಿದದ್ದು ಇನ್ನೊಬ್ಬಳ ಸಂಸಾರ ಕಟ್ಟುವ ಲೆಕ್ಕದಲ್ಲಿ. ತಲಾಖ್ ಆ ಕೈಗೆ ಸಿಕ್ಕ ಆಯುಧ. ಆಯುಧ ಎತ್ತಿದ್ದಕ್ಕೆ ಕಾರಣ ಮದುವೆಯ ಲೆಕ್ಕ. ನಾವು ಆಯುಧದ ಬಗೆಗೆ ಎಷ್ಟೊಂದು ಮಾತಾಡಿದೆವು! ಲೆಕ್ಕದ ಬಗೆಗೆ ಅಷ್ಟಾಗಿ ಮಾತಾಡಲಿಲ್ಲ. ಏಕೆಂದರೆ ಆ ಆಯುಧ ನಮ್ಮೆಲ್ಲರ ಮನೆಯಲ್ಲಿಲ್ಲ. ಲೆಕ್ಕದ ಪುಸ್ತಕ ಮಾತ್ರ ಇದೆ.

ಇದು ನನಗೆ ತಾನಾಗಿ ಹೊಳೆದ ಮಾತಲ್ಲ. ಮಂಗಳೂರಿನ ಅತ್ತಾವರದಲ್ಲಿ ನಾವು ಎಂಟು-ಹತ್ತು ಮಂದಿ ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಒಂದು ಕಾದಂಬರಿಯನ್ನು ಕುರಿತು ಮಾತಾಡುತ್ತೇವೆ. ನಿವೃತ್ತ ಅಧ್ಯಾಪಕರು, ಬ್ಯಾಂಕಿನಲ್ಲಿ ದುಡಿದವರು, ಒಬ್ಬರು ದಾದಿ, ಒಬ್ಬರು ವಕೀಲರು. ಸತತ ಮೂರು ತಿಂಗಳು ಅಕ್ಕತಂಗಿಯರ ಕಥೆಯಿರುವ ಕಾದಂಬರಿಗಳನ್ನೇ ಓದೋಣವೆಂದು ಗೊತ್ತುಮಾಡಿಕೊಂಡಿದ್ದೆವು. ಮೊದಲು ಜೇನ್ ಆಸ್ಟೆನ್‌ಳ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’, ಅನಂತರ ಡಿ.ಎಚ್. ಲಾರೆನ್ಸ್‌ನ ‘ವಿಮೆನ್ ಇನ್ ಲವ್’, ಕೊನೆಗೆ ‘ಚಂದ್ರಗಿರಿಯ ತೀರದಲ್ಲಿ’. ಮೊದಲೆರಡು ಕಷ್ಟದವು, ಮೂರನೆಯದು ಸುಲಭದ್ದು ಎಂಬುದು ನಮ್ಮೆಲ್ಲರ ಎಣಿಕೆಯಾಗಿತ್ತು.

ಲಾರೆನ್ಸ್ ನಿಜಕ್ಕೂ ಕಷ್ಟ. 1920ರಲ್ಲಿ ಪ್ರಕಟವಾದ ಆ ಕಾದಂಬರಿಯಲ್ಲಿ ಅರ್ಸುಲಾ ಮತ್ತು ಗುಡ್ರನ್ ಎಂಬ ಇಬ್ಬರು ಸೋದರಿಯರು ಮೊದಲ ಅಧ್ಯಾಯದಲ್ಲೇ ಕುಳಿತು ಮದುವೆ ಬೇಕೇ, ಬೇಡವೇ ಎಂದು ಚರ್ಚಿಸುತ್ತಾರೆ. ಪ್ರೀತಿಯೆಂದರೆ ಇಬ್ಬರು ಒಂದಾಗುವುದೋ, ಇಬ್ಬರೂ ಬೇರೆಬೇರೆಯಾಗಿಯೇ ಉಳಿದು ಎದುರುಬದುರು ನಿಲ್ಲುವುದೋ ಎಂಬ ಜಿಜ್ಞಾಸೆ ಪುಟಪುಟಕ್ಕೂ ಬೆಳೆಯುತ್ತದೆ. ನಮ್ಮಲ್ಲಿ ಮೂವರು ಅರ್ಧಕ್ಕೇ ಕೈಬಿಟ್ಟರು. ಉಳಿದವರು ಮುಗಿಸಿದೆವು, ಆದರೆ ದಣಿದೆವು. ಆ ದಣಿವಿನ ನಡುವೆ ನಾವು ಗಮನಿಸದೆ ಹೋದ ಒಂದು ಸಣ್ಣ ಸಂಗತಿಯಿದೆ. ಆ ಅಕ್ಕತಂಗಿಯರಿಬ್ಬರೂ ಶಾಲೆಯಲ್ಲಿ ಕಲಿಸಿ ಸಂಬಳ ಪಡೆಯುವವರು. ಮದುವೆಯನ್ನು ಒಂದು ಪ್ರಶ್ನೆಯಾಗಿ ಎದುರಿಗಿಟ್ಟುಕೊಳ್ಳಲು ಅವರಿಗೆ ಸಾಧ್ಯವಾಗುವುದು ಆ ಸಂಬಳದಿಂದ. ಪ್ರೀತಿಯ ತತ್ತ್ವಜ್ಞಾನಕ್ಕೂ ಒಂದು ತಿಂಗಳ ಆದಾಯ ಬೇಕು.

1811ರಲ್ಲಿ ಪ್ರಕಟವಾದ ಆಸ್ಟೆನ್‌ಳ ಕಾದಂಬರಿಯ ಸೋದರಿಯರಿಗೆ ಆ ಅನುಕೂಲವಿಲ್ಲ. ಎಲಿನರ್ ವಿವೇಕಿ, ಮೇರಿಯಾನ್ ಭಾವುಕಳು ಎಂದು ಪಠ್ಯಪುಸ್ತಕಗಳು ನಮಗೆ ಹೇಳಿಕೊಟ್ಟಿವೆ. ಆದರೆ ಕಾದಂಬರಿಯ ಎರಡನೆಯ ಅಧ್ಯಾಯ ಪೂರ್ತಿಯಾಗಿ ಹಣದ ಮಾತು. ತಂದೆ ತೀರಿಕೊಂಡಿದ್ದಾನೆ, ಆಸ್ತಿ ಮಲಮಗನ ಕೈ ಸೇರಿದೆ. ಆತ ಮೂವರು ತಂಗಿಯರಿಗೆ ತಲಾ 1000 ಪೌಂಡಿನಂತೆ ಒಟ್ಟು 3000 ಪೌಂಡ್ ಕೊಡಬೇಕೆಂದು ಯೋಚಿಸುತ್ತಾನೆ. ಹೆಂಡತಿ ಒಂದೊಂದೇ ನೆಪ ಹೇಳಿ ಆ ಮೊತ್ತವನ್ನು ಇಳಿಸುತ್ತ ಹೋಗುತ್ತಾಳೆ. ಅಧ್ಯಾಯ ಮುಗಿಯುವಾಗ 3000 ಪೌಂಡ್, ಆಗೀಗ ಕಳುಹಿಸುವ ಮೀನು-ಮಾಂಸದ ಉಡುಗೊರೆಯಾಗಿ ಕರಗಿರುತ್ತದೆ. ಓದುವಾಗ ನಾವೆಲ್ಲ ನಕ್ಕೆವು. ಅನಂತರ ನಡೆಯುವ ಎಲ್ಲ ಪ್ರೇಮಗಳೂ, ಎಲ್ಲ ವಿರಹಗಳೂ ಆ ಒಂದು ಅಧ್ಯಾಯದ ಕಳೆಯುವ ಲೆಕ್ಕದಿಂದಲೇ ಹುಟ್ಟಿಕೊಂಡವು ಎಂಬುದು ನಗು ನಿಂತ ಮೇಲೆ ತಿಳಿಯುವ ಸತ್ಯ.

ಮೂರನೆಯ ತಿಂಗಳು ಸಾರಾ ಅವರ ಕಾದಂಬರಿ. ಚರ್ಚೆ ಸರಾಗವಾಗಿ ನಡೆಯಿತು. ವಕೀಲರು 1985ರ ಶಾ ಬಾನು ತೀರ್ಪಿನಿಂದ ತೊಡಗಿ, ತ್ರಿವಳಿ ತಲಾಖ್ ಅಸಿಂಧುವೆಂದು 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ಅದನ್ನು ಶಿಕ್ಷಾರ್ಹ ಅಪರಾಧವಾಗಿಸಿದ 2019ರ ಕಾಯಿದೆ ಇವನ್ನೆಲ್ಲ ವಿವರಿಸಿದರು. ಶಾ ಬಾನು ಪ್ರಕರಣದ ತೀರ್ಪಿಗೂ ಮೊದಲೇ ಕನ್ನಡದ ಲೇಖಕಿಯೊಬ್ಬರು ಇದನ್ನು ಬರೆದಿದ್ದರು ಎಂಬ ಹೆಮ್ಮೆಯ ಮಾತೂ ಬಂತು. ಇನ್ನೊಬ್ಬರು, ಕಾನೂನು ಬಂದ ಮೇಲೆ ಕಾದಂಬರಿಯ ಸಮಸ್ಯೆ ಬಹುಮಟ್ಟಿಗೆ ಮುಗಿಯಿತಲ್ಲವೇ ಎಂದರು. ಅಷ್ಟರಲ್ಲಿ, ಅದುವರೆಗೂ ಸುಮ್ಮನಿದ್ದ ಒಬ್ಬರು, ಬ್ಯಾಂಕಿನಿಂದ ನಿವೃತ್ತರಾದ ಹಿಂದೂ ಮಹಿಳೆ, ಕೇಳಿದರು: “ಇಷ್ಟು ಹೊತ್ತಾಯಿತು, ಜಮೀಲಾಳ ಹೆಸರನ್ನು ಯಾರೂ ಎತ್ತಲಿಲ್ಲವಲ್ಲ?”

ಅವರು ಹೆಚ್ಚೇನೂ ಹೇಳಲಿಲ್ಲ. ತಮ್ಮ ಮದುವೆಗಾಗಿ ಅಕ್ಕ ತನ್ನ ಬಳೆಗಳನ್ನು ಬಿಚ್ಚಿಕೊಟ್ಟದ್ದು, ಅದರಿಂದ ಅಕ್ಕನ ಗಂಡನ ಮನೆಯಲ್ಲಿ ಎದ್ದ ಜಗಳ, ಆ ಜಗಳ ಕೊನೆಗೂ ಆರದೆ ಉಳಿದದ್ದು, ಇಷ್ಟನ್ನೇ ನಾಲ್ಕು ವಾಕ್ಯಗಳಲ್ಲಿ ತಿಳಿಸಿದರು. “ನಾದಿರಾಳ ದುಃಖ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ತನ್ನ ಮದುವೆಯ ಊಟಕ್ಕೆ ಅಕ್ಕನ ಬಾಳು ಬೆಲೆಯಾಯಿತೆಂದು ಗೊತ್ತಿದ್ದೂ ಬದುಕಬೇಕಾದವಳು ಜಮೀಲಾ. ಅವಳು ಏನು ತಪ್ಪು ಮಾಡಿದ್ದಳು?” ಎಂದು ಕೇಳಿ ಅವರು ಮಾತು ನಿಲ್ಲಿಸಿದರು. ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಆ ರಾತ್ರಿ ನಾನು ಪುಸ್ತಕವನ್ನು ಮತ್ತೊಮ್ಮೆ ಓದಿದೆ. ಅಕ್ಷರಗಳು ಅವೇ; ಆದರೆ ಓದುತ್ತಿದ್ದುದು ಬೇರೆಯೇ ಕಾದಂಬರಿ. ‘ಅವರ ಸಮುದಾಯದ ಕಥೆ’ ಎಂದು ನಾವು ಎಳೆದುಕೊಂಡಿದ್ದ ಗೆರೆ ಎಲ್ಲಿಯೂ ಕಾಣಿಸಲಿಲ್ಲ.

ಇಲ್ಲಿ ಒಂದು ಎಚ್ಚರ ಅಗತ್ಯ. ‘ಇದು ಎಲ್ಲ ಹೆಣ್ಣುಮಕ್ಕಳ ಕಥೆ’ ಎಂದು ಸಾರ್ವತ್ರಿಕಗೊಳಿಸುವುದು ಕೂಡ ಒಂದು ನುಣುಚಿಕೊಳ್ಳುವಿಕೆಯಾದೀತು. ಸಾರಾ ಅವರು ಬರೆದದ್ದು ನಿರ್ದಿಷ್ಟ ಊರಿನ, ನಿರ್ದಿಷ್ಟ ಸಮುದಾಯದ, ನಿರ್ದಿಷ್ಟ ನಿಯಮವೊಂದರ ಬಗೆಗೆ. ಅದನ್ನು ಒಳಗಿನವರಾಗಿ, ತಮ್ಮವರ ಸಿಟ್ಟನ್ನು ಎದುರಿಸಿ ಬರೆದರು. ಅವರ ಧೈರ್ಯದ ತೂಕವನ್ನು ನಮ್ಮ ಉದಾರ ಮಾತುಗಳಿಂದ ಇಳಿಸಬಾರದು. ಮರುಮದುವೆಯ ಆ ಷರತ್ತಿನ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ ಸಂವಿಧಾನ ಪೀಠಕ್ಕೆ ಒಪ್ಪಿಸಿದ್ದು 2018ರಲ್ಲಿ ಎಂಬುದನ್ನು ನೆನೆದರೆ, ಲೇಖಕಿ ಎಷ್ಟು ಮುಂಚಿತವಾಗಿ ಆ ಬಾಗಿಲು ತಟ್ಟಿದ್ದರು ಎಂಬುದು ತಿಳಿಯುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಹಿಡಿಯಬೇಕು: ನಾದಿರಾಳನ್ನು ಕೊಂದ ನಿಯಮ ಒಂದು ಸಮುದಾಯದ್ದು, ಅವಳನ್ನು ಆ ನಿಯಮದ ಬಾಯಿಗೆ ದೂಡಿದ ಲೆಕ್ಕ ಎಲ್ಲರದ್ದು. ಒಂದನ್ನು ಮಾತ್ರ ಕಂಡರೆ ಅದು ಅರ್ಧ ಓದು. ಕಷ್ಟವಿರುವುದೇ ಇಲ್ಲಿ.

ಅತ್ತಾವರದಲ್ಲಿ ಕುಳಿತು ಈ ಕಾದಂಬರಿಯನ್ನು ‘ದೂರದ ಕಥೆ’ ಎನ್ನುವುದು ಭೌಗೋಳಿಕವಾಗಿಯೂ ಸುಳ್ಳು. ಮಂಗಳೂರು ಸೆಂಟ್ರಲ್ ನಿಲ್ದಾಣ ನಮ್ಮ ಬಡಾವಣೆಗೆ ತಾಗಿಕೊಂಡಂತೆಯೇ ಇದೆ. ಅಲ್ಲಿಂದ ದಕ್ಷಿಣಕ್ಕೆ ಹೊರಟ ರೈಲು ನೇತ್ರಾವತಿಯನ್ನು ದಾಟಿ, ಉಳ್ಳಾಲ, ಮಂಜೇಶ್ವರ, ಕುಂಬಳೆಗಳನ್ನು ಹಾದು, ಸುಮಾರು 50 ಕಿ.ಮೀ. ದೂರದ ಕಾಸರಗೋಡು ಕಳೆದ ಮೇಲೆ ಚಂದ್ರಗಿರಿ ಹೊಳೆಯ ಸೇತುವೆಯನ್ನು ಏರುತ್ತದೆ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ನಡುವೆ ಬಂತು. ಆದರೆ ಬದುಕು ಅದಕ್ಕೆ ತಕ್ಕಂತೆ ಬೇರೆಯಾಗಲಿಲ್ಲ. ಕಾಸರಗೋಡಿನ ರೋಗಿಗಳು ಇಂದಿಗೂ ಮಂಗಳೂರಿನ ಆಸ್ಪತ್ರೆಗಳಿಗೇ ಬರುತ್ತಾರೆ. 2020ರ ಮಾರ್ಚ್‌ನಲ್ಲಿ ಕೊರೊನಾದ ಕಾರಣ ತಲಪಾಡಿಯ ಗಡಿ ಮುಚ್ಚಿದಾಗ ಅಲ್ಲಿನವರು ಪಟ್ಟ ಪಾಡು, ಈ ಎರಡು ಊರುಗಳು ಎಷ್ಟರಮಟ್ಟಿಗೆ ಒಂದೇ ಮನೆಯ ಎರಡು ಕೋಣೆಗಳು ಎಂಬುದನ್ನು ತೋರಿಸಿಕೊಟ್ಟಿತು. ಸಾರಾ ಅವರ ಬದುಕೂ ಇದೇ ದಾರಿಯಲ್ಲಿ ಸಾಗಿತು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ಮಂಗಳೂರಿನಲ್ಲಿ ನೆಲೆಸಿ, 2023ರ ಜನವರಿ 10ರಂದು ಇಲ್ಲಿಯೇ ಕೊನೆಯುಸಿರೆಳೆದರು. ಓದುವ ಆಸೆ ಬೆಟ್ಟದಷ್ಟಿದ್ದರೂ ತಮಗೆ ಗ್ರಂಥಾಲಯದ ಸದಸ್ಯತ್ವ ದೊರೆತದ್ದು 1963ರಲ್ಲಷ್ಟೇ ಎಂದು ಅವರು ಹೇಳಿಕೊಂಡಿದ್ದುಂಟು. ಇಪ್ಪತ್ತಾರು-ಇಪ್ಪತ್ತೇಳರ ವಯಸ್ಸಿನಲ್ಲಿ ಗ್ರಂಥಾಲಯದ ಮೆಟ್ಟಿಲು ಹತ್ತಿದವರು ನಲವತ್ತೈದರ ಆಸುಪಾಸಿನಲ್ಲಿ ಲೇಖಕಿಯಾದರು. ಓದುವುದನ್ನು ಹಕ್ಕಾಗಿ ಗಳಿಸಿಕೊಂಡವರ ಬರವಣಿಗೆಯನ್ನು ನಾವು ಅರ್ಧ ಓದಿ ಬಿಡುವುದು ನ್ಯಾಯವಲ್ಲ.

ಅಕ್ಕತಂಗಿಯರ ಕಷ್ಟದ ಕಥೆ ಈ ನೆಲಕ್ಕೆ ಹೊಸತೂ ಅಲ್ಲ. ತುಳುನಾಡಿನ ಸಿರಿ ಪಾಡ್ದನವನ್ನೇ ತೆಗೆದುಕೊಳ್ಳಿ. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ಜತೆಗೂಡಿ, ಗೋಪಾಲ ನಾಯ್ಕರು ಹಾಡಿದ ಪಾಠವನ್ನು ದಾಖಲಿಸಿ 1998ರಲ್ಲಿ ಪ್ರಕಟಿಸಿದಾಗ ಅದು 15,683 ಸಾಲುಗಳಾಗಿತ್ತು. ಅದರಲ್ಲಿ ಸಿರಿ ತನ್ನನ್ನು ಅವಮಾನಿಸಿದ ಗಂಡ ಕಾಂತು ಪೂಂಜನನ್ನು ತಾನೇ ತೊರೆದು ಹೊರಡುತ್ತಾಳೆ. ಮುಂದೆ ಮತ್ತೆ ಮದುವೆಯೂ ಆಗುತ್ತಾಳೆ. ಗಂಡನನ್ನು ಬಿಡುವ ಮಾತನ್ನು ಹೆಣ್ಣೇ ಆಡಬಹುದಾದ ಲೋಕ ಅದು; ಮನೆತನ ಹೆಣ್ಣಿನ ಮೂಲಕ ಸಾಗುವ ಅಳಿಯಸಂತಾನದ ಲೋಕ. ಆದರೆ ಅಲ್ಲಿಯೂ ಮೂರನೆಯ ತಲೆಮಾರಿಗೆ ಬರುವಾಗ ಅಬ್ಬಗೆ-ದಾರಗೆ ಎಂಬ ಅವಳಿ ಸೋದರಿಯರು ಚೆನ್ನೆಮಣೆಯ ಆಟಕ್ಕೆ ಕುಳಿತು, ಸೋಲು-ಗೆಲುವಿನ ಸಿಟ್ಟು ಏರಿ, ಒಬ್ಬಳ ಕೈಯ ಮಣೆ ಇನ್ನೊಬ್ಬಳ ಜೀವ ತೆಗೆಯುತ್ತದೆ. ಉಳಿದವಳು ಬಾವಿಗೆ ಹಾರುತ್ತಾಳೆ. ಆ ಮಣೆಯಲ್ಲಿ ಒಬ್ಬಳ ಗುಳಿಯ ಕಾಯಿ ಇನ್ನೊಬ್ಬಳ ಗುಳಿಗೆ ಸೇರದೆ ಆಟ ಸಾಗುವುದಿಲ್ಲ. ಹೆಣ್ಣುಮಕ್ಕಳನ್ನು ಅಂಥ ಮಣೆಯ ಎರಡು ಬದಿಗೆ ಕೂರಿಸಿದ ಮೇಲೆ ಒಬ್ಬಳ ಗೆಲುವು ಇನ್ನೊಬ್ಬಳ ನಷ್ಟವಾಗಲೇಬೇಕು. ಮಹಮ್ಮದ್ ಖಾನನ ಮನೆಯಲ್ಲಿ ನಡೆದದ್ದೂ ಅದೇ ಆಟ. ಆದರೆ ಅಲ್ಲಿ ಕಾಯಿ ಹಾಕುತ್ತಿದ್ದವನು ತಂದೆ. ಮಗಳಂದಿರು ಆಡಲು ಕುಳಿತವರಲ್ಲ, ಅವರೇ ಕಾಯಿಗಳು.

ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಈ ಆಟ ಸದ್ದಿಲ್ಲದೆ ನಡೆಯುತ್ತದೆ. ಕೊಳಗಳು ಬೇಕಾಗುವುದಿಲ್ಲ, ಕಾಗದಪತ್ರಗಳು ಸಾಕು. ವರದಕ್ಷಿಣೆಯನ್ನು ನಿಷೇಧಿಸುವ ಕಾಯಿದೆ ಬಂದದ್ದು 1961ರಲ್ಲಿ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಾನ ಪಾಲೆಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು. ಕೇಂದ್ರ ಸರ್ಕಾರ 2005ರಲ್ಲಿ ಅದನ್ನೇ ದೇಶಕ್ಕೆಲ್ಲ ವಿಸ್ತರಿಸಿತು. ಹಾಗಿದ್ದೂ, ‘ಮದುವೆಗೆ ಖರ್ಚು ಮಾಡಿದ್ದೇ ಅವಳ ಪಾಲು’ ಎಂಬ ಮಾತು ಇನ್ನೂ ಸತ್ತಿಲ್ಲ. ತಂದೆ ತೀರಿಕೊಂಡ ಮೇಲೆ ಅಕ್ಕತಂಗಿಯರನ್ನು ಕರೆಸಿ, ಊಟ ಹಾಕಿ, ಸೀರೆ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ದೃಶ್ಯವನ್ನು ಕಾಣದವರು ವಿರಳ. ಆಸ್ಟೆನ್‌ಳ 3000 ಪೌಂಡ್ ಕರಗಿದ ಬಗೆ ಇದಕ್ಕಿಂತ ಬೇರೆಯೇ? ಅಲ್ಲಿ ಮೀನು-ಮಾಂಸ, ಇಲ್ಲಿ ಸೀರೆ.

ಇದರ ಇನ್ನೊಂದು ಮುಖವೂ ಉಂಟು. ಕರಾವಳಿ ಬ್ಯಾಂಕುಗಳ ತವರು. ಓದಿದ ಹೆಣ್ಣುಮಕ್ಕಳಿಗೆ ಬ್ಯಾಂಕು, ಶಾಲೆ, ಆಸ್ಪತ್ರೆಗಳಲ್ಲಿ ಬೇಗನೆ ಕೆಲಸ ಸಿಕ್ಕ ನಾಡು. ಲಾರೆನ್ಸ್‌ನ ಸೋದರಿಯರಿಗೆ ಸಂಬಳ ಪ್ರಶ್ನೆ ಕೇಳುವ ಸ್ವಾತಂತ್ರ್ಯ ಕೊಟ್ಟಿತು. ಇಲ್ಲಿ ಎಷ್ಟೋ ಹಿರಿಯ ಮಗಳಂದಿರಿಗೆ ಅದೇ ಸಂಬಳ ತಂಗಿಯರ ಮದುವೆಯ ಜವಾಬ್ದಾರಿಯನ್ನು ಕೊಟ್ಟಿತು. ‘ಮೊದಲು ತಂಗಿಯದಾಗಲಿ’ ಎಂದ ಅಕ್ಕಂದಿರು ನಮ್ಮ ಬೀದಿಗಳಲ್ಲಿದ್ದಾರೆ. ಅವರಲ್ಲಿ ಕೆಲವರು ಮದುವೆಯಾಗಲೇ ಇಲ್ಲ. ನಾವು ಅದನ್ನು ತ್ಯಾಗ ಎಂದು ಕರೆದು ಹೊಗಳಿದೆವು. ತ್ಯಾಗ ದೊಡ್ಡ ಮಾತು. ಅದನ್ನು ಮಾಡಿದವರು ಆಡಿದರೆ ಅದಕ್ಕೊಂದು ಬೆಲೆ. ಅದರಿಂದ ಲಾಭ ಪಡೆದ ಮನೆಯವರು ಆಡಿದರೆ ಅದು ರಸೀದಿ ಕೊಡದೆ ಮುಚ್ಚಿದ ಲೆಕ್ಕ. ಮತ್ತು ಆ ಲೆಕ್ಕದಲ್ಲಿ ತಂಗಿಗೆ ಉಳಿಯುವುದು ಸಂತೋಷವಲ್ಲ. ಎಂದೂ ತೀರಿಸಲಾಗದ ಋಣ. ಪ್ರೀತಿಯಾಗಿರಬೇಕಾಗಿದ್ದ ಸಂಬಂಧ ಸಾಲವಾಗಿ ಮಾರ್ಪಟ್ಟಾಗ ಅಕ್ಕತಂಗಿಯರಿಬ್ಬರೂ ಬಡವರಾಗುತ್ತಾರೆ.

ಇಂಥದ್ದನ್ನೆಲ್ಲ ಕಾದಂಬರಿಯ ಮೂಲಕ ಮಾತಾಡುವ ಪರಂಪರೆ ಮಂಗಳೂರಿಗೆ ಹಳೆಯದು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಇಲ್ಲಿಯೇ ಅಚ್ಚಾಗಿ ವಿಧವಾವಿವಾಹವನ್ನು ಚರ್ಚೆಗೆ ತಂದಿತು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ, ದೀಪಾ ಭಾಸ್ತಿಯವರ ಅನುವಾದದ ಜತೆಗೆ, ಸಾರಾ ಅವರ ತಲೆಮಾರು ತುಳಿದು ಹಸನುಗೊಳಿಸಿದ ದಾರಿಯೂ ನೆನಪಾಗಬೇಕಿತ್ತು. ಕನ್ನಡದ ಮುಸ್ಲಿಂ ಲೇಖಕಿಯರಿಗೆ ಜಗತ್ತಿನ ಮನ್ನಣೆ ಬಂದಿರುವ ಈ ಹೊತ್ತಿನಲ್ಲಿ ಅವರ ಕೃತಿಗಳನ್ನು ನಾವು ಓದುವ ಕ್ರಮವೂ ಬದಲಾಗಬೇಕು. ‘ಅವರ’ ಹೆಣ್ಣುಮಕ್ಕಳ ಬಗೆಗೆ ಕನಿಕರಪಟ್ಟು ಪುಸ್ತಕ ಮುಚ್ಚುವುದು ಎಲ್ಲಕ್ಕಿಂತ ಸುಲಭದ ಓದು. ಕನಿಕರ ಓದುಗನನ್ನು ಮೇಲೆ ಕೂರಿಸುತ್ತದೆ. ಒಳ್ಳೆಯ ಕಾದಂಬರಿ ಅವನನ್ನು ಪಕ್ಕಕ್ಕೆ ಕರೆದು ಕೂರಿಸುತ್ತದೆ.

‘ಚಂದ್ರಗಿರಿಯ ತೀರದಲ್ಲಿ’ಯನ್ನು ಈಗಾಗಲೇ ಓದಿದವರಿಗೆ ನನ್ನದೊಂದು ವಿನಂತಿ. ಮತ್ತೊಮ್ಮೆ ಓದಿ, ಈ ಸಲ ತಂಗಿಯ ಕಡೆಯಿಂದ ಓದಿ. ಜಮೀಲಾಳ ಮಾತು ಬಂದಲ್ಲೆಲ್ಲ ಒಂದು ಕ್ಷಣ ನಿಂತು, ಆ ಹೊತ್ತಿಗೆ ಹಣ ಯಾರ ಕೈಯಿಂದ ಯಾರ ಕೈಗೆ ಹೋಗುತ್ತಿದೆ, ಅದಕ್ಕೆ ಈಡಾಗಿ ಯಾರ ಬಾಳು ನಿಂತಿದೆ ಎಂದು ಕೇಳಿಕೊಳ್ಳಿ. ಪುಟಗಳು ಕಡಿಮೆ, ಭಾಷೆ ಸರಳ. ಆದರೂ ಓದು ಬೇಗ ಮುಗಿಯಲಾರದು. ನಾದಿರಾ ಮುಳುಗಿದ ಕೊಳದ ನೀರು ಎಂದೋ ಸ್ತಬ್ಧವಾಗಿರಬಹುದು. ದಡದಲ್ಲಿ ಉಳಿದ ತಂಗಿಯನ್ನು ವಿಚಾರಿಸಿಕೊಳ್ಳುವ ಕೆಲಸ ಮಾತ್ರ ಓದುಗರಾದ ನಮಗೆ ಬಾಕಿಯಿದೆ.